ಎಂಟನೆಯ ಪ್ರಶ್ನೆ

ಮಾರ್ಚ್ 9, ಭಾನುವಾರ

ಇವತ್ತು ಒಟ್ಟು ಮೂವತ್ತೊಂದು ಜೊತೆ ಕಾಲು. ಚುನಾವಣೆಗೆ ನಿಂತವರು ವೋಟಿಗೆ ಮುಂಚೆ ಕಾಲು ಹಿಡಿಯುತ್ತಾರೆ, ನಾನು ಓಟ ಮುಗಿದ ಮೇಲೆ ಹಿಡಿಯುತ್ತೇನೆ. ಅವರಿಗೆ ಐದು ವರ್ಷಕ್ಕೊಮ್ಮೆ, ನನಗೆ ವಾರಕ್ಕೊಮ್ಮೆ. ಸಾಹಿತ್ಯದಲ್ಲಿ ಎರಡನೆಯ ದರ್ಜೆಯ ಪದವಿ ಪಡೆದವನು ಓಟಗಾರರ ಕ್ಲಬ್ಬಿನಲ್ಲಿ ಮೈ ತಿಕ್ಕಲು ನಿಂತದ್ದು ಹೇಗೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಿದೆ: ಪದ್ಯದ ಪಾದವಾದರೇನು, ಮನುಷ್ಯನ ಪಾದವಾದರೇನು, ತಪ್ಪಿದ ಕಡೆ ಹಿಡಿದು ಸರಿಮಾಡುವುದೇ ಕೆಲಸ.

ಸ್ನಾಯುವಿನೊಳಗೆ ಗಂಟು ಎಲ್ಲಿ ಅಡಗಿದ್ದರೂ ನನ್ನ ಹೆಬ್ಬೆರಳಿಗೆ ಸಿಕ್ಕಿಬೀಳುತ್ತದೆ. ಅದಕ್ಕೇ ಕ್ಲಬ್ಬಿನವರು ನನ್ನನ್ನು ‘ಗಂಟುಕಳ್ಳ’ ಎನ್ನುತ್ತಾರೆ. ಕದ್ದ ಮಾಲು ಎಲ್ಲಿ ಎಂದು ಇದುವರೆಗೆ ಯಾರೂ ಕೇಳಿಲ್ಲ.

ಗೋಡೆಯ ಪದ್ಯಕ್ಕೆ ಇವತ್ತೂ ಒಳ್ಳೆಯ ಹೆಸರು ಬಂತು. ಎರಡು ತಿಂಗಳ ಹಿಂದೆ ಫಿಸಿಯೋ ಮೇಡಂ ಒಂದು ಒಣ ಪಟ್ಟಿ ಕೊಟ್ಟಿದ್ದರು: ಓಟ ಮುಗಿಸಿ ಬಂದವರ ಮೈ ಮುಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆಗಳು. ಅವರು ಮಾತೆತ್ತಿದರೆ ಪ್ರಶ್ನೆಯೇ, ಹಾಗಾಗಿ ನಾವಿಟ್ಟ ಹೆಸರು ‘ಪ್ರಶ್ನೆಪತ್ರಿಕೆ’. ಆ ಪಟ್ಟಿಯನ್ನು ಹಾಗೇ ಅಂಟಿಸಿದರೆ ನೊಣವೂ ಓದುವುದಿಲ್ಲವೆಂದು ನಾನು ಪದ್ಯ ಮಾಡಿ, ದಪ್ಪ ಅಕ್ಷರದಲ್ಲಿ ಬರೆದು, ಐಸಿನ ಪೆಟ್ಟಿಗೆಯ ಮೇಲೆ ತೂಗುಹಾಕಿದೆ. ‘ಬೊಬ್ಬೆ ಎದ್ದರೆ ಬೊಬ್ಬೆ ಹೊಡೆಯಬೇಡ, ಸೂಜಿ ಚುಚ್ಚದೆ ಒಣಬಟ್ಟೆ ಕಟ್ಟು.’ ‘ತಲೆ ಸುತ್ತಿದರೆ ಊರು ಸುತ್ತಬೇಡ, ನೆರಳಲ್ಲಿ ಮಲಗು, ಕಾಲು ಎತ್ತರಕ್ಕಿಡು.’ ಹೀಗೆ ಏಳು. ಇವತ್ತು ಒಬ್ಬ ಮೊಣಕಾಲಿಗೆ ಐಸು ಇಟ್ಟುಕೊಂಡೇ ಅದನ್ನು ಬಾಯಿಪಾಠ ಮಾಡಿದ. ಕವಿಗೆ ಇನ್ನೇನು ಬೇಕು!

ಭಾವ ಫೋನ್ ಮಾಡಿದ್ದರು. ನಿನ್ನೆ ಪರವೂರಿನಲ್ಲಿ ಇಪ್ಪತ್ತೊಂದು ಕಿಲೋಮೀಟರು ಓಡಿ, ಅಲ್ಲಿಂದಲೇ ಬಸ್ಸು ಹತ್ತಿ ಏಳು ಗಂಟೆ ಪ್ರಯಾಣ ಮಾಡಿ ಬಂದಿದ್ದಾರೆ. ಕಿಟಕಿಯ ಸೀಟು. ಪಕ್ಕದಲ್ಲಿ ಇಬ್ಬರು ಗೊರಕೆ ಹೊಡೆಯುತ್ತಿದ್ದರಂತೆ. ಎಬ್ಬಿಸಲು ಸಂಕೋಚವಾಗಿ ಭಾವ ಒಮ್ಮೆಯೂ ಏಳಲಿಲ್ಲ. ಏಳಬೇಕಾಗಿ ಬರಬಾರದೆಂದು ನೀರೂ ಕುಡಿಯಲಿಲ್ಲ. ಸೌಜನ್ಯಕ್ಕೆ ಪದಕ ಕೊಡುವುದಾದರೆ ಭಾವನೇ ಮೊದಲು.

“ಎಡಗಾಲು ಹಿಡ್ಕೊಂಡಿದೆ ಕಣೋ.”

“ಕಾಲು ಹಿಡಿಯೋದು ನನ್ನ ಕೆಲಸ ಭಾವ, ಅದು ಯಾಕೆ ಹಿಡ್ಕೊಳ್ತು? ನಾಳೆ ಬರ್ತೀನಿ.”

ಮಾರ್ಚ್ 10, ಸೋಮವಾರ

ಕೆಲಸ ಮುಗಿಸಿ ನೇರ ಅಕ್ಕನ ಮನೆಗೆ. ಅಮ್ಮ ಹೋದಾಗ ನನಗೆ ಆರು ವರ್ಷ, ಅಕ್ಕನಿಗೆ ಹದಿನೇಳು. ಅಂದಿನಿಂದ ಅಕ್ಕನ ಮನೆಯೇ ನನ್ನ ಮನೆ. ಬಾಡಿಗೆ ಕೋಣೆ ಏನಿದ್ದರೂ ಅಂಗಿ ಒಣಹಾಕುವುದಕ್ಕೆ. ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಭಾವನದು ಬೀದಿ ಕೊನೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಭಾವ ನೋಡಿಕೊಳ್ಳುವುದು ಕಾಲ, ನಾನು ಕಾಲು. ನನಗೊಂದು ಕೊಂಬು ಹೆಚ್ಚು.

ಭಾವನನ್ನು ದಿವಾನದ ಮೇಲೆ ಬೋರಲು ಮಲಗಿಸಿದೆ. ಎಡಗಾಲಿನ ಮೀನಖಂಡ ಬಲಗಾಲಿನದಕ್ಕಿಂತ ಎರಡು ಬೆರಳು ದಪ್ಪ. ಮುಟ್ಟಿದರೆ ಬಿಸಿ, ಇಸ್ತ್ರಿ ಪೆಟ್ಟಿಗೆ ಆರಿಸಿದ ಮೇಲೂ ಇರುತ್ತದಲ್ಲ, ಹಾಗೆ.

“ಭಾವ, ಎಡಗಾಲಿಗೆ ಬಡ್ತಿ ಸಿಕ್ಕಿದೆ. ಬಲಗಾಲು ಅರ್ಜಿ ಹಾಕ್ಕೊಂಡು ಕೂತಿದೆ.”

ಒಳಗಿನಿಂದ ಅಕ್ಕ ನಕ್ಕಳು. ನಗುವ ಸಭಿಕರಿದ್ದರೆ ನನ್ನ ಕೈ ಚುರುಕಾಗುತ್ತದೆ. ಹೆಬ್ಬೆರಳು ಇಳಿಸಿದೆ. ಮೀನಖಂಡದ ಆಳದಲ್ಲಿ ಹಗ್ಗದಂಥದ್ದೊಂದು ಗಟ್ಟಿ ಗೆರೆ ಸಿಕ್ಕಿತು. “ಮೀನು ಗಾಳಕ್ಕೆ ಬಿತ್ತು!” ಎಂದೆ. ಭಾವ ಕೂಗಿದರು. “ಬೊಬ್ಬೆ ಹೊಡೆಯೋ ಹಾಗಿಲ್ಲ, ಗೋಡೆ ಮೇಲೆ ಬರೆದಿದೆ” ಎಂದೆ. ಕೆಲಸ ಕಲಿಸಿದ ಗುರು ಹೇಳಿದ್ದರು: ಗಂಟು ಸಿಕ್ಕಮೇಲೆ ಕೈ ಬಿಡಬೇಡ, ಬಿಟ್ಟರೆ ಒಳಗೆ ಓಡಿಹೋಗುತ್ತದೆ. ಬಿಡಲಿಲ್ಲ. ಕೆಳಗಿನಿಂದ ಮೇಲಕ್ಕೆ, ಮತ್ತೆ ಕೆಳಗಿನಿಂದ ಮೇಲಕ್ಕೆ. ಕೊನೆಗೆ ಬೆರಳಿನ ಕೆಳಗೆ ಅದು ಜಾರಿದ್ದು ಗೊತ್ತಾಯಿತು. ಆ ಸುಖ ಯಾವ ಪ್ರಾಸದಲ್ಲೂ ಇಲ್ಲ.

ಭಾವನ ಮುಖದ ತುಂಬ ಬೆವರು. ನನ್ನ ಮುಖದಲ್ಲೂ. ಅಕ್ಕ ಇಬ್ಬರಿಗೂ ಚಹಾ ಕೊಟ್ಟಳು.

ಮಾರ್ಚ್ 12, ಬುಧವಾರ

ಭಾವನ ಫೋನು. ಊತ ಇಳಿದಿಲ್ಲವಂತೆ. ನೋವು ಎದ್ದುಹೋಗುವ ನೆಂಟನ ಹಾಗೆ, ಬಾಗಿಲಲ್ಲಿ ನಿಂತು ಇನ್ನೊಂದು ಗಂಟೆ ಮಾತಾಡುತ್ತದೆ ಎಂದೆ. ನಕ್ಕರು. ನಗುವಾಗ ಕೆಮ್ಮು ಬಂತು.

“ಅಂಗಡಿ ಮೂರು ಮೆಟ್ಟಿಲು ಹತ್ತೋಕೆ ಏದುಸಿರು ಬಂತು ಕಣೋ ಇವತ್ತು.”

“ಇಪ್ಪತ್ತೊಂದು ಕಿಲೋಮೀಟರು ಓಡಿದ ಮೇಲೆ ಮೂರು ಮೆಟ್ಟಿಲಿಗೆ ಮರ್ಯಾದೆ ಕೊಡೋದು ಬಿಟ್ಟಿದ್ದೀರಿ. ಅವು ಸೇಡು ತೀರಿಸ್ಕೊಳ್ತಿವೆ.”

ಶುಕ್ರವಾರ ಮತ್ತೊಮ್ಮೆ ಒತ್ತುವುದಾಗಿ ಹೇಳಿದ್ದೇನೆ.

ಮಾರ್ಚ್ 13, ಗುರುವಾರ

ಭಾವ ಅಂಗಡಿಯಲ್ಲಿ ಬಿದ್ದರು. ಪಕ್ಕದ ಅಂಗಡಿಯವರು ಆಸ್ಪತ್ರೆಗೆ ಸೇರಿಸಿದ್ದಾರೆ. ಉಸಿರಾಟಕ್ಕೆ ಯಂತ್ರ ಇಟ್ಟಿದ್ದಾರೆ. ಇನ್ನೇನೂ ಗೊತ್ತಿಲ್ಲ.

ಮಾರ್ಚ್ 14, ಶುಕ್ರವಾರ

ಡಾಕ್ಟರು ಚಿಕ್ಕ ವಯಸ್ಸಿನವರು. ಕಾಗದದ ಹಿಂಭಾಗದಲ್ಲಿ ಎರಡು ಎಲೆಗಳ ಹಾಗೆ ಶ್ವಾಸಕೋಶ ಬರೆದು, ಒಂದು ಎಲೆಯ ಮುಕ್ಕಾಲು ಭಾಗವನ್ನು ಪೆನ್ನಿನಲ್ಲಿ ಕಪ್ಪು ಮಾಡಿದರು. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರ ತುಂಡು ಕಿತ್ತುಕೊಂಡು ಮೇಲೆ ಹೋಗಿ ಇಲ್ಲಿ ಸಿಕ್ಕಿಕೊಂಡಿದೆ. ಓಟದಲ್ಲಿ ಮೈಯ ನೀರೆಲ್ಲ ಹೋಗಿತ್ತು, ಆಮೇಲೆ ಏಳು ಗಂಟೆ ಕಾಲು ಮಡಚಿ ಕೂತರು, ನೀರೂ ಕುಡಿಯಲಿಲ್ಲ, ಇಷ್ಟು ಸಾಕು ಎಂದರು.

ಅಕ್ಕ ಭಾವನ ಬಟ್ಟೆ ತರಲು ಮನೆಗೆ ಹೋಗಿದ್ದಳು. ಮೊಗಸಾಲೆಯಲ್ಲಿ ನಾವಿಬ್ಬರೇ.

“ಕಾಲು ನೋವಿಗೆ ಏನಾದ್ರೂ ಮಾಡಿದ್ರಾ? ಮಾತ್ರೆ?”

“ನೋವಿನ ಮಾತ್ರೆ ತಗೊಂಡಿದ್ರು.”

“ಉಜ್ಜೋದು, ಒತ್ತೋದು, ಅಂಥದ್ದೇನಾದ್ರೂ?”

ಇಲ್ಲ ಎಂದೆ.

ಅವರು ಬರೆದುಕೊಂಡರು. ಪೆನ್ನಿನ ಸದ್ದು ಕೇಳಿಸಿತು. ನಾನು ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡಿದ್ದೆ. ಯಾವಾಗ ಹಾಕಿಕೊಂಡೆನೋ ತಿಳಿಯದು.

ಮಾರ್ಚ್ 16, ಭಾನುವಾರ

ಕ್ಲಬ್ಬಿಗೆ ಹೋಗಬೇಕಾಯಿತು. ಹತ್ತು ಕಿಲೋಮೀಟರಿನ ಓಟ, ಜನ ಕಡಿಮೆ. ಹಿಮ್ಮಡಿಯ ಬೊಬ್ಬೆ ಎರಡು, ಉಳುಕಿದ ಪಾದ ಒಂದು, ಜ್ವರವಿದ್ದೂ ಓಡಿ ನಡುಗುತ್ತ ಬಂದವಳು ಒಬ್ಬಳು. ಅವಳಿಗೆ ಹೊದಿಕೆ ಹೊದಿಸಿ, ಮನೆಯವರಿಗೆ ಫೋನ್ ಮಾಡಿದೆ. ಉಳಿದ ಕಾಲುಗಳನ್ನು ಎಣಿಸಲಿಲ್ಲ.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಮೇಜಿನ ಖಾನೆ ತೆಗೆದೆ. ಮೇಡಂ ಕೊಟ್ಟ ಮೂಲ ಪಟ್ಟಿ ಅಲ್ಲೇ ಇದೆ ಎಂದು ನನಗೆ ಗೊತ್ತಿತ್ತು. ಗುರುವಾರದಿಂದಲೂ ಗೊತ್ತಿತ್ತು. ಖಾನೆ ತೆಗೆದಿರಲಿಲ್ಲ, ಅಷ್ಟೇ.

ಪ್ರಶ್ನೆಗಳು ಎಂಟು. ಎಂಟನೆಯದು ಅವರ ದುಂಡು ಅಕ್ಷರದಲ್ಲಿ, ಕೆಳಗೆ ಎರಡು ಗೆರೆ ಎಳೆದು:

‘ಒಂದೇ ಕಾಲಿನ ಮೀನಖಂಡ ಊದಿದೆಯೇ? ಬಿಸಿಯಾಗಿದೆಯೇ? ಓಟದ ನಂತರ ದೂರ ಪ್ರಯಾಣ ಮಾಡಿದ್ದಾರೆಯೇ? ಮುಟ್ಟಬೇಡಿ. ಅದೇ ದಿನ ಆಸ್ಪತ್ರೆಗೆ ಕಳಿಸಿ. ಏದುಸಿರಿದ್ದರೆ ಆ ಕ್ಷಣವೇ.’

ಪಕ್ಕದಲ್ಲಿ ನನ್ನ ಪೆನ್ಸಿಲ್ ಬರಹ: ‘ಇದು ಬೇಡ. ಆಸ್ಪತ್ರೆ ಬಂದರೆ ಪದ್ಯ ಅಳುತ್ತದೆ. ಏಳಕ್ಕೆ ಮುಗಿದರೆ ಚೆಂದ, ಎಂಟು ಎಂದರೆ ಗಂಟು.’

ಅಂದರೆ ನನಗೆ ತಿಳಿಯದೆ ಆದದ್ದಲ್ಲ. ಓದಿದ್ದೆ. ಓದಿ, ಅದರ ಮೇಲೊಂದು ಮಾತು ಕಟ್ಟಿ, ಮರೆತಿದ್ದೆ.

ಪದ್ಯ ಗೋಡೆಯ ಮೇಲೆಯೇ ಇದೆ. ಕೀಳಲು ಕುರ್ಚಿ ಹತ್ತಿದೆ. ಹಾಗೇ ಇಳಿದೆ. ಕಿತ್ತರೆ ಯಾಕೆಂದು ಕೇಳುತ್ತಾರೆ.

ಮಾರ್ಚ್ 19, ಬುಧವಾರ

ಭಾವನನ್ನು ಸಾಮಾನ್ಯ ವಾರ್ಡಿಗೆ ತಂದರು. ಮಾತಾಡುತ್ತಾರೆ, ಆದರೆ ಮೂರು ಪದಕ್ಕೊಮ್ಮೆ ನಿಂತು. ಅವರು ನಿಂತಾಗ ಎದುರಿಗಿದ್ದವರು ವಾಕ್ಯ ಪೂರ್ತಿ ಮಾಡಿಕೊಡುತ್ತಾರೆ. ನಾನು ಮಾಡಲಿಲ್ಲ. ಕಾದೆ.

ಅಕ್ಕ ಬಂದವರಿಗೆಲ್ಲ ಹೇಳುತ್ತಿದ್ದಾಳೆ:

“ಇವನಿಲ್ದೇ ಇದ್ದಿದ್ರೆ ಏನ್ ಗತಿ! ಬಿದ್ದದ್ದು ಗುರುವಾರ. ಸೋಮವಾರವೇ ಬಂದು ಬೆವರಿಳಿಯೋವರೆಗೂ ಕಾಲು ಒತ್ತಿದಾನೆ. ಅಷ್ಟಾದ್ರೂ ಸಡಿಲ ಆಗಿದ್ದಕ್ಕೇ ಇವರು ಉಳ್ಕೊಂಡ್ರು.”

“ಡಾಕ್ಟರು ಹಾಗಂದ್ರಾ?” ಎಂದು ಪಕ್ಕದ ಮಂಚದ ಹೆಂಗಸು ಕೇಳಿದಳು.

“ಅವರು ಯಾಕೆ ಅಂತಾರೆ? ಅವರ ಹೆಸರು ಹೋಗಲ್ವಾ?”

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಗಂಡ ಕಾಲು ಚಾಚಿ ಮಲಗಿದ್ದ. “ತಮ್ಮಾ, ಇವರದ್ದೂ ಒಂದು ಸ್ವಲ್ಪ...” ಎಂದಳು. ನರ್ಸನ್ನು ಕೇಳಿ, ನರ್ಸನ್ನು ಕೇಳಿ ಎಂದು ಎರಡು ಸಲ ಹೇಳಿ ಹೊರಗೆ ಬಂದೆ. ಹಿಂದೆ ಅಕ್ಕನ ದನಿ: “ನಾಚಿಕೆ ಸ್ವಭಾವ ನಮ್ಮವನದು.”

ನಾಚಿಕೆ ಎಂಬ ಪದದ ಮೇಲೆ ಏನೋ ಹೊಳೆಯಿತು. ಬರೆಯಲಿಲ್ಲ.

ಮಾರ್ಚ್ 23, ಭಾನುವಾರ

ನಿನ್ನೆ ಮನೆಗೆ ಬಿಟ್ಟರು. ರಕ್ತ ತೆಳುವಾಗಿಸುವ ಮಾತ್ರೆ, ದಿನಕ್ಕೆರಡು, ಒಂದೂ ತಪ್ಪಬಾರದು. ಬಿದ್ದು ಗಾಯವಾಗಬಾರದು. ಮನೆಯೊಳಗೆ ಸ್ವಲ್ಪ ಸ್ವಲ್ಪ ನಡೆಯಬೇಕು. ನರ್ಸ್ ಒಂದೊಂದಕ್ಕೂ ಬೆರಳು ಮಡಚಿ ಹೇಳಿದಳು. ಕೊನೆಗೆ, “ಕಾಲನ್ನ ಯಾರ ಕೈಲೂ ಉಜ್ಜಿಸಬೇಡಿ.”

ಇವತ್ತು ಹೋದೆ. ಎಡಗಾಲು ಇನ್ನೂ ದಪ್ಪ. ಅಕ್ಕ ದಿವಾನದ ಮೇಲೆ ಹಳೆಯ ಚಾದರ ಹಾಸಿ, ಟವೆಲು ಮಡಚಿಟ್ಟಿದ್ದಳು. ಅದು ನನಗೆಂದು ಗೊತ್ತಾಗಲು ಒಂದು ನಿಮಿಷ ಹಿಡಿಯಿತು.

“ಒಂದ್ಹತ್ತು ನಿಮಿಷ ಒತ್ತು. ಪಾಪ, ಸೆಳೀತಿದೆಯಂತೆ.”

“ಉಜ್ಜಬಾರ್ದು ಅಂದ್ರಲ್ಲ ಅಕ್ಕ.”

“ಕಂಡಕಂಡವರ ಕೈಲಿ ಉಜ್ಜಿಸಬೇಡಿ ಅಂದ್ರು. ನೀನು ಕಂಡಕಂಡವನಾ?”

ಬಾಯಿ ತೆರೆದೆ. ಭಾವ ನನ್ನನ್ನೇ ನೋಡುತ್ತಿದ್ದರು. “ಮಣಿಕಟ್ಟು ಉಳುಕಿದೆ” ಎಂದೆ. ಅಕ್ಕ ಕೂಡಲೇ ಟವೆಲು ಬಿಟ್ಟು, ಪೆಟ್ಟಿಗೆಯಿಂದ ಎಳೆಪಟ್ಟಿ ತೆಗೆದು, ನನ್ನ ಬಲಗೈಗೆ ಬಿಗಿಯಾಗಿ ಸುತ್ತಿದಳು. ಹೊಲಿಗೆಯವಳ ಕೈ, ಒಂದು ಸುತ್ತೂ ಸೊಟ್ಟಗಾಗಲಿಲ್ಲ. “ಊರವರ ಕಾಲೆಲ್ಲ ಒತ್ತಿ ಒತ್ತಿ ನಿನ್ನ ಕೈ ನೋಡ್ಕೊಳ್ಳೋರಿಲ್ಲ” ಎಂದಳು.

ಪಟ್ಟಿ ಇನ್ನೂ ಬಿಚ್ಚಿಲ್ಲ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಯಾರೂ ನೋಡುತ್ತಿಲ್ಲ, ಆದರೂ.

ಮಾರ್ಚ್ 28, ಶುಕ್ರವಾರ

ಪಟ್ಟಿ ಕಟ್ಟಿಕೊಂಡೇ ಕ್ಲಬ್ಬಿಗೆ ಹೋಗುತ್ತಿದ್ದೇನೆ. ಬರೀ ಐಸು ಕೊಡುವುದು, ಟವೆಲು ಮಡಚುವುದು. ಇವತ್ತು ಫಿಸಿಯೋ ಮೇಡಂ ಬಾಗಿಲು ಮುಚ್ಚಿ ಎದುರು ಕೂತರು.

“ಎಲ್ಲಿ, ಕೈ ಕೊಡಿ. ಯಾವಾಗ ಆಯ್ತು? ಹೇಗೆ ಆಯ್ತು? ಬೆರಳು ಮಡಚಿದ್ರೆ ನೋವಾ? ರಾತ್ರಿ ಜಾಸ್ತಿಯಾ?”

ಯಾವಾಗ, ಹೇಗೆ ಎಂಬುದಕ್ಕೆ ನೆನಪಿಲ್ಲ ಎಂದೆ, ಉಳಿದದ್ದಕ್ಕೆ ಇಲ್ಲ ಎಂದೆ. ಅವರು ಪಟ್ಟಿ ಬಿಚ್ಚಿದರು. ಮಣಿಕಟ್ಟನ್ನು ನಾಲ್ಕು ಕಡೆ ತಿರುಗಿಸಿದರು. “ಇದಕ್ಕೇನೂ ಆಗಿಲ್ಲವಲ್ಲ. ನೋವು ಎಲ್ಲಿ?”

ಹೇಳಿಬಿಟ್ಟೆ. ಸೋಮವಾರದಿಂದ ಹಿಡಿದು, ಖಾನೆಯಲ್ಲಿದ್ದ ಪಟ್ಟಿಯವರೆಗೆ. ಡಾಕ್ಟರಿಗೆ ಇಲ್ಲ ಎಂದದ್ದನ್ನೂ.

ಅವರು ಗೋಡೆಯ ಕಡೆ ತಿರುಗಿ ಪದ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ತುಟಿ ಅಲುಗುತ್ತಿತ್ತು. ಏಳು ಎಣಿಸಿದರು.

“ನಾನೂ ಸರಿಯಾಗಿ ನೋಡ್ಲಿಲ್ಲ. ಚೆನ್ನಾಗಿದೆ ಅಂತ ನಕ್ಕು ಹೋಗ್ಬಿಟ್ಟೆ.”

“ನಾನು ಒತ್ತಿದ್ದಕ್ಕೇ ಆಯ್ತಾ ಮೇಡಂ?”

“ಆಗಿರಬಹುದು. ನೀವು ಮುಟ್ಟದೇ ಇದ್ದಿದ್ರೂ ಆಗ್ತಿತ್ತೋ ಏನೋ. ಯಾರಿಂದಲೂ ಹೇಳೋಕಾಗಲ್ಲ. ಆದ್ರೆ ಸೋಮವಾರವೇ ಆಸ್ಪತ್ರೆಗೆ ಕಳಿಸಿದ್ರೆ ಶ್ವಾಸಕೋಶಕ್ಕೆ ಹೋಗೋ ಮುಂಚೆ ಸಿಗ್ತಿತ್ತು. ಅದು ಮಾತ್ರ ಗೊತ್ತು.”

ಸಮಾಧಾನ ಹೇಳುತ್ತಾರೆಂದು ಕಾದೆ. ಅವರು ಮತ್ತೆ ಪ್ರಶ್ನೆಗೇ ಬಂದರು.

“ಮನೆಯಲ್ಲಿ ಹೇಳಿದ್ರಾ?”

“ಇಲ್ಲ.”

“ಹೇಳಿ. ನೀವು ಒತ್ತದೇ ಇದ್ರೆ ಇನ್ಯಾರೋ ಒತ್ತುತಾರೆ. ನೋವು ಪಡೋರ ಮನೇಲಿ ಯಾರ ಕೈಯೂ ಸುಮ್ನೆ ಕೂರಲ್ಲ.”

ಹೋಗುವಾಗ ಅವರೇ ಕುರ್ಚಿ ಹತ್ತಿ ಪದ್ಯವನ್ನು ಕಿತ್ತು, ನಾಲ್ಕಾಗಿ ಮಡಚಿ ತಮ್ಮ ಚೀಲದಲ್ಲಿಟ್ಟುಕೊಂಡರು. ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ನಿಜ ಹೇಳಬೇಕೆಂದರು. ಅವರ ಎದುರಿನಲ್ಲೇ ಮಾಡಿದೆ. ಡಾಕ್ಟರು, “ಆ ದಿನವೇ ಹೇಳಬೇಕಿತ್ತು” ಎಂದಷ್ಟೇ ಹೇಳಿದರು.

ಮಾರ್ಚ್ 30, ಭಾನುವಾರ

ಹೇಳಲೆಂದೇ ಹೋದೆ. ಅಕ್ಕ ಖುಷಿಯಲ್ಲಿದ್ದಳು. ಭಾವ ಬೆಳಿಗ್ಗೆ ಅಡುಗೆಮನೆಯವರೆಗೆ ನಡೆದು ಬಂದರಂತೆ. “ನೀನಿದ್ದೀಯಾ ಅಂತಲೇ ನನಗೆ ಧೈರ್ಯ” ಎಂದಳು. ಚಹಾ ಕುಡಿದು ಬಂದೆ.

ಏಪ್ರಿಲ್ 1, ಮಂಗಳವಾರ

ಅವರ ಬೀದಿಯ ತಿರುವಿನವರೆಗೆ ಹೋಗಿ ವಾಪಸು.

ಏಪ್ರಿಲ್ 3, ಗುರುವಾರ

ಸಂಜೆ ಐದಕ್ಕೆ ಹೋದೆ. ಬಾಗಿಲು ಅರ್ಧ ತೆರೆದಿತ್ತು. ಯಂತ್ರದ ಸದ್ದಿಲ್ಲ. ಒಳಗೆ ಕಾಲಿಟ್ಟರೆ ಭಾವ ಬೋರಲು ಮಲಗಿದ್ದಾರೆ. ಅಕ್ಕ ದಿವಾನದ ತುದಿಯಲ್ಲಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಹೆಬ್ಬೆರಳುಗಳನ್ನು ಜೋಡಿಸಿ, ಕೆಳಗಿನಿಂದ ಮೇಲಕ್ಕೆ ಒತ್ತುತ್ತಿದ್ದಾಳೆ. ಥೇಟ್ ನನ್ನ ಹಾಗೆ. ಮೊಣಕೈ ಮಡಚದೆ, ಭುಜದ ಭಾರ ಬಿಟ್ಟು.

“ಬಿಡು!” ಎಂದು ಕಿರುಚಿದೆ. ಅವಳ ಮಣಿಕಟ್ಟು ಹಿಡಿದು ಎಳೆದೆ. ಅವಳು ದಿವಾನದಿಂದ ಜಾರಿ ನೆಲಕ್ಕೆ ಕೂತಳು.

“ಏನಾಯ್ತೋ ನಿನಗೆ? ನಿನ್ನ ಕೈಗೆ ಆಗಲ್ಲ ಅಂತ ತಾನೇ ನಾನು...”

“ಎಷ್ಟು ದಿನದಿಂದ ಒತ್ತುತಿದ್ದೀಯಾ?”

“ನಾಲ್ಕು ದಿನದಿಂದ. ನೀನು ಮಾಡೋದನ್ನ ಮುಂಚಿನಿಂದ್ಲೂ ನೋಡಿದ್ದೆನಲ್ಲ.”

ಆಗ ಹೇಳಿದೆ. ನಿಂತುಕೊಂಡೇ ಹೇಳಿದೆ. ಊತ, ಬಿಸಿ, ಏದುಸಿರು, ಎಲ್ಲವೂ ಪಟ್ಟಿಯಲ್ಲಿತ್ತು. ನಾನೇ ಅದನ್ನು ಓದಿ, ನಾನೇ ಹೊಡೆದುಹಾಕಿದ್ದೆ. ಕಾಲಿನಲ್ಲಿದ್ದದ್ದು ಗಂಟಲ್ಲ, ರಕ್ತ. ನನ್ನ ಹೆಬ್ಬೆರಳಿನ ಕೆಳಗೆ ಜಾರಿದ್ದು ಅದೇ ಇರಬಹುದು. ಡಾಕ್ಟರು ಕೇಳಿದಾಗ ಸುಳ್ಳು ಹೇಳಿದ್ದೆ. ಮಣಿಕಟ್ಟಿಗೆ ಏನೂ ಆಗಿರಲಿಲ್ಲ.

ಅಕ್ಕ ತನ್ನ ಎರಡು ಹೆಬ್ಬೆರಳುಗಳನ್ನು ನೋಡಿಕೊಂಡಳು. ಸೆರಗಿಗೆ ಒರೆಸಿಕೊಂಡಳು. ಮತ್ತೆ ನೋಡಿಕೊಂಡಳು.

“ಎಷ್ಟು ದಿನದಿಂದ ಗೊತ್ತು ನಿನಗೆ?”

“ಹದಿನೆಂಟು ದಿನ.”

“ನಾಲ್ಕು ದಿನದಿಂದ ನಾನು ಇವರನ್ನ...” ಎದ್ದು, ಭಾವನಿಗೆ ಚಪ್ಪಲಿ ಹಾಕಿಸಿ, ಆಟೋ ಕರೆಸಿದಳು. ನಾನು ಭಾವನ ತೋಳು ಹಿಡಿಯಲು ಹೋದಾಗ ನಡುವೆ ಬಂದು ನಿಂತಳು.

“ಮುಟ್ಟಬೇಡ.”

ಏಪ್ರಿಲ್ 4, ಶುಕ್ರವಾರ

ಫಿಸಿಯೋ ಮೇಡಂ ಆಸ್ಪತ್ರೆಗೆ ಹೋಗಿ ವಿಚಾರಿಸಿ ಫೋನ್ ಮಾಡಿದರು. ಸ್ಕ್ಯಾನಿನಲ್ಲಿ ಹೊಸದೇನೂ ಇಲ್ಲ. ಮಾತ್ರೆ ಕೆಲಸ ಮಾಡುತ್ತಿದೆ. ಶ್ವಾಸಕೋಶ ಮೊದಲಿನಷ್ಟಾಗುತ್ತದೆಯೇ ಎಂದು ಕೇಳಿದೆ. ಮೂರು ತಿಂಗಳು ಬಿಟ್ಟು ನೋಡಬೇಕಂತೆ. ಓಡುವುದು? ಅದನ್ನು ಈಗ ಕೇಳಬೇಡಿ ಎಂದರು. ಪ್ರಶ್ನೆ ಬೇಡವೆಂದು ಅವರು ಹೇಳಿದ್ದು ಇದೇ ಮೊದಲು.

ಏಪ್ರಿಲ್ 6, ಭಾನುವಾರ

ಹೋಗಲಿಲ್ಲ. ಎಲ್ಲಿಗೂ.

ಏಪ್ರಿಲ್ 7, ಸೋಮವಾರ

ಅಕ್ಕನಿಗೆ ಒಂಬತ್ತು ಸಲ ಫೋನ್ ಮಾಡಿದೆ.

ಏಪ್ರಿಲ್ 9, ಬುಧವಾರ

ಭಾವ ಫೋನ್ ಮಾಡಿದರು. ಅಕ್ಕ ಬಟ್ಟೆ ಕೊಡಲು ಶಾಲೆಗೆ ಹೋಗಿದ್ದಾಳಂತೆ.

“ತಲೆ ಕೆಡಿಸ್ಕೋಬೇಡ ಕಣೋ. ನಾನೂ ಬೇಡ... ಅನ್ನಬಹುದಿತ್ತಲ್ಲ. ಅನ್ನಲಿಲ್ಲ. ನೀನು ನಗಿಸ್ತಾ ಇದ್ದೆ. ಅಷ್ಟೇನೂ... ನೋವಾಗ್ಲಿಲ್ಲ.”

ಪ್ರತಿ ನಿಲುಗಡೆಯಲ್ಲೂ ಉಸಿರೆಳೆಯುವ ಸದ್ದು.

“ಅಕ್ಕ ಏನಂತಾಳೆ?”

“ಏನೂ ಅನ್ನಲ್ಲ. ಹೊಲೀತಾಳೆ. ಅಂಗಡಿ ಬಗ್ಗೆ... ಯೋಚಿಸ್ತಿದ್ದೀನಿ. ಮೂರು ಮೆಟ್ಟಿಲು ಹತ್ತೋಕಾಗಲ್ಲ. ಮನೇಲೇ ಒಂದು ಮೇಜು...” ವಾಕ್ಯ ಅಲ್ಲೇ ನಿಂತಿತು. ನಾನು ಪೂರ್ತಿ ಮಾಡಲಿಲ್ಲ. ಅವರೂ ಮಾಡಲಿಲ್ಲ.

ಆಮೇಲೆ ಹೇಳಿದರು, ದಿನಕ್ಕೆರಡು ಬಾರಿ ನಡೆಯಬೇಕು, ಪಕ್ಕದಲ್ಲಿ ಎರಡೂ ಕಡೆ ಜನ ಬೇಕು, ಬಿದ್ದರೆ ಮಾತ್ರೆಯಿಂದಾಗಿ ರಕ್ತ ನಿಲ್ಲುವುದಿಲ್ಲ. ಅಕ್ಕ ಒಬ್ಬಳೇ ಹಿಡಿದುಕೊಳ್ಳಲು ಹೆದರುತ್ತಾಳೆ. ಭಾನುವಾರ ಬಾ ಎಂದರು. ಅಕ್ಕ ಹೇಳಿದಳಾ ಎಂದು ಕೇಳಿದೆ. ಫೋನ್ ಇಟ್ಟರು.

ಏಪ್ರಿಲ್ 13, ಭಾನುವಾರ

ಹೋದೆ. ಅಕ್ಕ ಯಂತ್ರದ ಮುಂದೆ ಇದ್ದಳು. ನಾನು ಯಾವಾಗಲೂ ನೇರ ಅಡುಗೆಮನೆಗೆ ಹೋಗುವವನು. ಅವಳು ಎದ್ದು, ಗೋಡೆಗೆ ಒರಗಿಸಿದ್ದ ಕುರ್ಚಿಯನ್ನು ಬಿಡಿಸಿ, ಬಾಗಿಲ ಹತ್ತಿರ ಹಾಕಿದಳು. ಕೂತೆ. ಚಹಾ ಬಸಿಯ ಮೇಲಿಟ್ಟ ಕಪ್ಪಿನಲ್ಲಿ ಬಂತು. ಆ ಕಪ್ಪುಗಳನ್ನು ಅವಳು ಹೊರಗಿನವರು ಬಂದಾಗ ಮಾತ್ರ ತೆಗೆಯುತ್ತಾಳೆ. ಮುಗಿಸಿ ತೊಳೆದಿಡಲು ಎದ್ದೆ. “ಅಲ್ಲೇ ಇಡು” ಎಂದಳು.

ಭಾವ ಒಳಗೆ ನಿದ್ದೆಯಲ್ಲಿದ್ದರು. ಅವಳು ಒಂದು ಚಿಕ್ಕ ಅಂಗಿಗೆ ತೋಳು ಕೂಡಿಸುತ್ತಿದ್ದಳು. ತುಂಬಾ ಹೊತ್ತು ಯಂತ್ರ ಓಡಿತು. ಆಮೇಲೆ ನಿಂತಿತು.

“ಆವತ್ತು ಎಷ್ಟು ಹೊತ್ತು ಒತ್ತಿದೆ?”

“ನಲವತ್ತು ನಿಮಿಷ ಆಗಿರಬಹುದು.”

“ಅವರು ಸಾಕು ಅಂದ್ರು.”

“ಯಾವಾಗ?”

“ಮೂರು ಸಲ ಅಂದ್ರು. ಒಂದು ಸಲ ಮೆತ್ತಗೆ, ಎರಡು ಸಲ ಜೋರಾಗಿ. ನಾನು ಒಳಗೆ ಪಾತ್ರೆ ತೊಳೀತಿದ್ದೆ.” ದಾರ ಕತ್ತರಿಸಿದಳು. “ಕೇಳ್ಸಬಾರ್ದು ಅಂತ ನಲ್ಲಿ ಜೋರಾಗಿ ತಿರುಗಿಸ್ದೆ. ನನ್ನ ತಮ್ಮ ಮಾಡ್ತಿದಾನೆ, ಗಂಡಸರಿಗೆ ಒಂಚೂರು ನೋವಾದ್ರೂ ತಡೆಯಲ್ಲ, ಅಂದ್ಕೊಂಡೆ.”

ನನಗೆ ಒಂದು ಸಲವೂ ಕೇಳಿಸಿದ ನೆನಪಿಲ್ಲ. ಅದನ್ನೇ ಹೇಳಿದೆ. “ಒಂದು ಸಲವೂ ಕೇಳಿಸ್ಲಿಲ್ಲ ಅಕ್ಕ.”

“ನೀನು ಮಾತಾಡ್ತಾ ಇದ್ದೆ” ಎಂದಳು.

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಏನು ಮಾಡಬೇಕೆಂದಾದರೂ ತಿಳಿಯುತ್ತಿತ್ತು. ಕೈಯಲ್ಲಿದ್ದ ಅಂಗಿಯನ್ನು ಮಡಚಿದಳು, ಬಿಡಿಸಿದಳು, ತೋಳು ತಿರುವುಮುರುವಾಗಿ ಕೂಡಿಸಿದ್ದನ್ನು ನೋಡಿದಳು, ಬಿಚ್ಚಲು ಸೂಜಿ ಹುಡುಕಿದಳು. ಸೂಜಿ ಅವಳ ಸೆರಗಿನಲ್ಲೇ ಇತ್ತು. ಹೇಳುವ ಹಕ್ಕು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ.

ಒಳಗಿನಿಂದ ಭಾವ ಕರೆದರು. ಇಬ್ಬರೂ ಒಟ್ಟಿಗೇ ಎದ್ದೆವು. ಬಾಗಿಲಲ್ಲಿ ಅವಳು ಒಂದು ಕ್ಷಣ ನಿಂತು, ಪಕ್ಕಕ್ಕೆ ಸರಿದಳು. ಬಲತೋಳು ಅವಳು ಹಿಡಿದಳು. ಎಡತೋಳನ್ನು ಮುಟ್ಟುವ ಮುಂಚೆ, “ಹಿಡ್ಕೊಳ್ಳಲಾ ಭಾವ?” ಎಂದು ಕೇಳಿದೆ. ಅವರು ತಲೆಯಾಡಿಸಿದರು.

ಮಂಚದಿಂದ ಕಿಟಕಿಯವರೆಗೆ ಹದಿನೆಂಟು ಹೆಜ್ಜೆ, ನಿನ್ನೆ ಪೂರ್ತಿ ಮಾಡಿದ್ದೆ ಎಂದು ಭಾವ ಹೇಳಿದರು. ಹೊರಟೆವು. ಅವರ ಉಸಿರನ್ನು ಕೇಳಿಸಿಕೊಳ್ಳುತ್ತ ನಡೆದೆ.

ಹನ್ನೊಂದನೆಯ ಹೆಜ್ಜೆಯಲ್ಲಿ ಅವರು ಮೆತ್ತಗೆ ಸಾಕು ಎಂದರು.

ನಿಂತೆ.